ಡಾಕ್ಟರ ಚೀಟಿ ಇದ್ದರೆ ಏಳು ಕೋಳಿ

ಅಮೆರಿಕದ ದೊಡ್ಡ ನಗರಗಳ ಪೈಕಿ ಜೋನಿಂಗ್ ಕಾನೂನೇ ಇಲ್ಲದ ಊರು ಅಂದರೆ ಟೆಕ್ಸಾಸ್‌ನ ಹ್ಯೂಸ್ಟನ್. ಇಲ್ಲಿ ಮನೆ, ಅಲ್ಲಿ ಅಂಗಡಿ, ಆಚೆ ಕಾರ್ಖಾನೆ ಅಂತ ನಕ್ಷೆಗೆ ಬಣ್ಣ ಬಳಿಯುವುದು ಆ ಊರಿಗೆ ಆಗಿಬರಲ್ಲ. 1948ರಲ್ಲಿ, 1962ರಲ್ಲಿ, ಮತ್ತೆ 1993ರಲ್ಲಿ ಜನರನ್ನೇ ಕೇಳಿದರು. ಮೂರು ಸಲವೂ ಜನ ಮತ ಹಾಕಿ ಬೇಡ ಅಂದರು. ನನ್ನ ಜಾಗ, ನನ್ನಿಷ್ಟ. ಹೆಂಚಿನ ಮನೆಯಷ್ಟು ಎತ್ತರದ ಮನೆಯ ಪಕ್ಕದಲ್ಲೇ ಗಗನಚುಂಬಿ ಎದ್ದರೂ ಜೋನಿಂಗ್ ಹೆಸರಲ್ಲಿ ತಡೆಯುವವರಿಲ್ಲ.

ಸ್ವಾತಂತ್ರ್ಯ ಅಂದರೆ ಇದು. ಕೋಳಿ ಬರುವವರೆಗೆ.

ಕೋಳಿ ಬಂತೋ, ಟೇಪು ಹೊರಗೆ ಬಂತು. ಬೇರೆಯವರ ಮನೆ, ಚರ್ಚು, ಶಾಲೆ, ಆಸ್ಪತ್ರೆಯಿಂದ ಕೋಳಿ 100 ಅಡಿ ದೂರ ಇರಬೇಕು. ಸ್ವಲ್ಪ ಲೆಕ್ಕ ಹಾಕೋಣ. 50 ಅಡಿ ಅಗಲದ ಸೈಟು ಅಂತಿಟ್ಟುಕೊಳ್ಳಿ. ಕೋಳಿಯನ್ನು ನಟ್ಟನಡುವೆ ಕೂರಿಸಿ. ಎಡಕ್ಕೆ ಬೇಲಿ 25 ಅಡಿ, ಬಲಕ್ಕೆ 25 ಅಡಿ. ಬೇಲಿಯಾಚೆ ಪಕ್ಕದವರು ಹತ್ತಡಿ ಬಿಟ್ಟು ಮನೆ ಕಟ್ಟಿದ್ದಾರೆ. ಒಟ್ಟು 35. ನೂರಕ್ಕೆ ಎಲ್ಲಿಗೆ ಹೋಗೋದು? ಮೇಲಕ್ಕೆ. ಪೈಥಾಗೊರಸ್ ಹೇಳಿದ ಹಾಗೆ ಕಂಬ ನೆಟ್ಟು ಗೂಡನ್ನು 94 ಅಡಿ ಎತ್ತರಕ್ಕೆ ಏರಿಸಿದರೆ ಲೆಕ್ಕ ಚುಕ್ತಾ. ಕಂಬಕ್ಕೆ ಜೋನಿಂಗ್ ಅಡ್ಡಿ ಇಲ್ಲವಲ್ಲ!

ಎತ್ತರ ಕಂಡರೆ ತಲೆ ಸುತ್ತುವ ಕೋಳಿಗಳಿಗೆ ಕಾನೂನು ಇನ್ನೊಂದು ದಾರಿ ಇಟ್ಟಿದೆ. ಇದು ನಾನು ಕಟ್ಟಿದ ಕಥೆ ಅಲ್ಲ, ಕಾನೂನಿನ ಪುಸ್ತಕದಲ್ಲೇ ಇರೋದು. ಗಂಭೀರವಾದ ಆರೋಗ್ಯದ ಕಾರಣಕ್ಕೆ ಈ ಮನುಷ್ಯನಿಗೆ ತಾಜಾ ಮೊಟ್ಟೆ, ಅದೂ ಹುಂಜದ ಸಂಪರ್ಕ ಇಲ್ಲದ ಮೊಟ್ಟೆ ಬೇಕು ಅಂತ ಡಾಕ್ಟರು ಬರೆದುಕೊಟ್ಟರೆ ಏಳು ಕೋಳಿ ಸಾಕಬಹುದು. ಅಂದರೆ ಅಲ್ಲಿ ಕೋಳಿ ಸಾಕಲು ಹಿತ್ತಿಲು ಇದ್ದರೆ ಸಾಲದು, ಕಾಯಿಲೆಯೂ ಬೇಕು.

"ಏನು ತೊಂದರೆ?"

"ಕೋಳಿ ಇಲ್ಲ ಡಾಕ್ಟ್ರೇ."

"ಎಷ್ಟು ದಿನದಿಂದ?"

"ಈ ಮನೆಗೆ ಬಂದಾಗಿನಿಂದ."

"ಸದ್ಯಕ್ಕೆ ಎರಡು ಕೋಳಿ ಬರೀತೀನಿ. ಗುಣ ಕಾಣದಿದ್ದರೆ ಡೋಸ್ ಏರಿಸೋಣ. ಏಳರ ಮೇಲೆ ಮಾತ್ರ ಕೇಳಬೇಡಿ."

ಇನ್ಶೂರೆನ್ಸ್‌ನವರು ಬಿಡ್ತಾರಾ? ನಾಟಿ ಕೋಳಿಗೆಲ್ಲ ದುಡ್ಡು ಬರಲ್ಲ, ಜೆನೆರಿಕ್ ಫಾರಂ ಕೋಳಿ ಆದರೆ ನೋಡೋಣ ಅನ್ನುತ್ತಾರೆ.

ತಮಾಷೆ ಏನಂದರೆ, ಹಿತ್ತಿಲಲ್ಲಿ ಕೋಳಿ ಸಾಕೋದು ಒಂದು ಕಾಲಕ್ಕೆ ಅಲ್ಲಿ ದೇಶಭಕ್ತಿ. ಮೊದಲನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಕೃಷಿ ಇಲಾಖೆಯೇ ಪೋಸ್ಟರ್ ಅಂಟಿಸಿತ್ತು. ನೀವು ಕೋಳಿ ಸಾಕುತ್ತೀರಿ ಅಂತ ಅಂಕಲ್ ಸ್ಯಾಮ್ (ಅಂದರೆ ಅಮೆರಿಕದ ಸರ್ಕಾರ) ನಂಬಿದ್ದಾನೆ, ಮನೆಯಲ್ಲಿ ತಲೆಗೆರಡು ಕೋಳಿ ಇದ್ದರೆ ಮೊಟ್ಟೆಗೆ ಬರ ಇಲ್ಲ, ಎಂಥ ಚಿಕ್ಕ ಹಿತ್ತಿಲಾದರೂ ಸಾಕು ಅಂತ. ಡಾಕ್ಟರ ಮಾತು ಅದರಲ್ಲಿ ಎಲ್ಲೂ ಇಲ್ಲ.

ಯುದ್ಧ ಮುಗಿಯಿತು, ಕೋಳಿ ಮರೆತುಹೋಯಿತು. ಮತ್ತೆ ಜೋರಾಗಿ ನೆನಪಾಗಿದ್ದು ಹಕ್ಕಿಜ್ವರ ಬಂದು 2025ರ ಮಾರ್ಚ್‌ನಲ್ಲಿ ಡಜನ್ ಮೊಟ್ಟೆಯ ಸರಾಸರಿ ಬೆಲೆ 6.23 ಡಾಲರ್ ಮುಟ್ಟಿದಾಗ. ಆ ದಿನಗಳಲ್ಲಿ ಕೃಷಿ ಸಚಿವೆ ಬ್ರೂಕ್ ರಾಲಿನ್ಸ್ ಟಿ.ವಿ.ಯಲ್ಲಿ ಹಿತ್ತಿಲ ಕೋಳಿಯನ್ನು ಹೊಗಳಿದರು. ಆಯಮ್ಮ ಟೆಕ್ಸಾಸ್‌ನವರೇ. ವಾಷಿಂಗ್ಟನ್ ಸಾಕಿ ಅನ್ನುತ್ತೆ, ಹ್ಯೂಸ್ಟನ್ ಚೀಟಿ ತನ್ನಿ ಅನ್ನುತ್ತೆ. ಮಧ್ಯೆ ಕೋಳಿ ಯಾರ ಮಾತು ಕೇಳಬೇಕು ಹೇಳಿ.

ಬೇರೆ ಊರುಗಳದ್ದು ಬೇರೆ ಬೇರೆ ಅಳತೆ. ಸಿಯಾಟಲ್ 2010ರಲ್ಲಿ ಮೂರು ಕೋಳಿಯ ಮಿತಿಯನ್ನು ಎಂಟಕ್ಕೆ ಏರಿಸಿತು. ಲಾಸ್ ಏಂಜಲೀಸ್‌ನಲ್ಲಿ ಪಕ್ಕದ ಮನೆಯಿಂದ 35 ಅಡಿ ಬಿಟ್ಟರೆ ಸಾಕು. ಅಲ್ಲಿಯ ಕೋಳಿಗಿಂತ ಹ್ಯೂಸ್ಟನ್ ಕೋಳಿ 65 ಅಡಿ ಜಾಸ್ತಿ ಅಪಾಯಕಾರಿ ಇರಬೇಕು.

ಕೋಳಿಯನ್ನು ದೂರ ಇಡೋಕೆ ಹೇಳುವ ಗಲಾಟೆ, ವಾಸನೆ ಅನ್ನೋ ಕಾರಣವನ್ನು ನಾನಂತೂ ಪೂರ್ತಿ ನಂಬಲ್ಲ. ಎಲೆ ಊದುವ ಯಂತ್ರ ಬೆಳಗ್ಗೆಯೇ ಕಿವಿ ಹರಿಯುವ ಹಾಗೆ ಗರ್ಜಿಸುತ್ತದೆ. ನಾಯಿ ಇಡೀ ಬೀದಿಗೆ ಬೊಗಳುತ್ತದೆ. ಅವೆರಡೂ ಅಂತಸ್ತಿನ ಗುರುತು. ಕೋಳಿ ಕೆದಕಿದರೆ ಮಾತ್ರ ಹುಲ್ಲುಹಾಸಿನ ಕೆಳಗಿಂದ ಹಳ್ಳಿ ಹೊರಬರುತ್ತದೆ, ಜೊತೆಗೆ ಸೈಟಿನ ಬೆಲೆ ಇಳಿಯುವ ಭಯ. ಅದಕ್ಕೇ ಎಷ್ಟೋ ಬಡಾವಣೆಗಳ ದಾಖಲೆಯಲ್ಲೇ ಏನು ಮಾಡಬಹುದು, ಏನು ಮಾಡಬಾರದು ಅಂತ ಷರತ್ತು ಬರೆದಿರುತ್ತಾರೆ. ಆ ಖಾಸಗಿ ಷರತ್ತು ಮುರಿದರೆ ಹ್ಯೂಸ್ಟನ್ ನಗರಾಡಳಿತದ ವಕೀಲರೇ ಕೋರ್ಟಿಗೆ ಹೋಗಬಹುದು. ಮುಂಬಾಗಿಲಲ್ಲಿ ಮೂರು ಸಲ ಓಡಿಸಿದ ಜೋನಿಂಗನ್ನು ಹಿತ್ತಿಲ ಬಾಗಿಲಲ್ಲಿ ಕರೆದು ಮಣೆ ಹಾಕಿದ್ದಾರೆ ಅಷ್ಟೆ.

ತನ್ನ ಹುಂಜ ಕೂಗದಿದ್ದರೆ ಊರಿಗೇ ಬೆಳಗಾಗಲ್ಲ ಅಂತ ಜಂಬ ಪಡುತ್ತಿದ್ದ ನಮ್ಮ ಅಜ್ಜಿಯನ್ನು ಹ್ಯೂಸ್ಟನ್‌ಗೆ ಕರೆದುಕೊಂಡು ಹೋದರೆ ಮೊದಲು ಬಿ.ಪಿ. ನೋಡುತ್ತಾರೆ. ಜಾಸ್ತಿ ಇದ್ದರೆ ಅದೃಷ್ಟ, ಏಳು ಕೋಳಿ ಸಿಕ್ಕರೂ ಸಿಕ್ಕಾವು. ಚೀಟಿ ಹೆಣ್ಣುಕೋಳಿಗೆ ಮಾತ್ರ. ಹುಂಜಕ್ಕೆ ಆ ಊರಲ್ಲಿ ಇನ್ನೂ ಯಾವ ಕಾಯಿಲೆಯನ್ನೂ ಕಂಡುಹಿಡಿದಿಲ್ಲ.