ಸಾರಾಂಶ ಬರೆಯಿರಿ: 4 ಅಂಕ

ರಾತ್ರಿಯೆಲ್ಲಾ ರಾಮಾಯಣ ಕೇಳಿ, ಬೆಳಿಗ್ಗೆ ಎದ್ದು ರಾಮನಿಗೂ ಸೀತೆಗೂ ಏನು ಸಂಬಂಧ ಅಂತ ಕೇಳಿದವನನ್ನು ನಾವು ತಲೆತಲಾಂತರದಿಂದ ಆಡಿಕೊಂಡು ಬಂದಿದ್ದೇವೆ. ಅನ್ಯಾಯ. ಅವನ ಪರವಾಗಿ ಎರಡು ಮಾತು ಹೇಳಲೇಬೇಕು. ಒಂದು, ಅವನು ರಾತ್ರಿಯೆಲ್ಲಾ ಕೂತಿದ್ದ. ಸೊಳ್ಳೆ ಹೊಡೆದುಕೊಂಡು, ಆಕಳಿಸಿಕೊಂಡು, ಆದರೂ ಎದ್ದು ಹೋಗದೆ ಕೂತಿದ್ದ. ಎರಡು, ತನಗೆ ತಿಳಿಯಲಿಲ್ಲ ಅಂತ ನಾಲ್ಕು ಜನರ ಮುಂದೆ ಬಾಯಿಬಿಟ್ಟು ಕೇಳಿದ. ಈ ಎರಡೂ ಗುಣ ಇರುವ ಓದುಗ ಇವತ್ತು ಸಿಕ್ಕರೆ ಪ್ರಕಾಶಕರೆಲ್ಲ ಸೇರಿ ಮೆರವಣಿಗೆ ಮಾಡಿಯಾರು.

ಇವತ್ತಿನವನು ಆಪ್‌ನಲ್ಲಿ ಪುಸ್ತಕದ ಸಾರಾಂಶವನ್ನು ಹದಿನೈದು ನಿಮಿಷ ಕೇಳುತ್ತಾನೆ. ಅದೂ ಡಬಲ್ ಸ್ಪೀಡಲ್ಲಿ, ಅಂದರೆ ಏಳೂವರೆ ನಿಮಿಷ. ಕೇಳುವಾಗ ಹಲ್ಲುಜ್ಜುತ್ತಿರುತ್ತಾನೆ. ಮುಗಿದ ಮೇಲೆ ಪ್ರಶ್ನೆ ಕೇಳುವುದಿಲ್ಲ, ಲಿಂಕ್ಡ್‌ಇನ್‌ನಲ್ಲಿ ಪೋಸ್ಟ್ ಹಾಕುತ್ತಾನೆ: ‘ರಾಮಾಯಣದಿಂದ ನಾನು ಕಲಿತ ಏಳು ಲೀಡರ್‌ಶಿಪ್ ಪಾಠಗಳು’.

ಪುಸ್ತಕದ ಸಾರಾಂಶ ಹೇಳುವ ಆಪ್‌ಗಳ ಕಾಲ ಇದು. ಹಾಗಂತ ಕಸುಬು ಹೊಸದೇನಲ್ಲ. ಅಮೆರಿಕದಲ್ಲಿ 1922ರಲ್ಲೇ ರೀಡರ್ಸ್ ಡೈಜೆಸ್ಟ್ ಊರಿನ ಲೇಖನಗಳನ್ನೆಲ್ಲ ತಂದು, ಸಣ್ಣದು ಮಾಡಿ ಮಾರಲು ಕೂತಿತು. 1950ರಿಂದ ಕಾದಂಬರಿಗಳನ್ನೂ ಕತ್ತರಿಸಿ ಬೈಂಡ್ ಹಾಕಿ ಕೊಟ್ಟಿತು. 1999ರಲ್ಲಿ ಸ್ವಿಟ್ಜರ್ಲೆಂಡಿನ ಗೆಟ್‌ಅಬ್‌ಸ್ಟ್ರಾಕ್ಟ್ ಅನ್ನುವ ಸಾರಾಂಶದ ಕಂಪನಿ ಮ್ಯಾನೇಜರುಗಳ ಪಾಲಿಗೆ ಅವತಾರ ಎತ್ತಿತು. 2012ರಲ್ಲಿ ಬರ್ಲಿನ್‌ನಲ್ಲಿ ಬ್ಲಿಂಕಿಸ್ಟ್ ಹುಟ್ಟಿತು: ಒಂದು ಪುಸ್ತಕ, ಹದಿನೈದು ನಿಮಿಷ. ಆಮೇಲೆ ಬಂದವರಿಗೆ ಲೆಕ್ಕವಿಲ್ಲ.

ಆದರೆ ನಮ್ಮವರ ಮುಂದೆ ಇವರೆಲ್ಲ ಏನೂ ಅಲ್ಲ. ಏಕಶ್ಲೋಕಿ ರಾಮಾಯಣ ನೆನಪಿದೆಯಲ್ವಾ? ವಾಲ್ಮೀಕಿಯ ಇಪ್ಪತ್ನಾಲ್ಕು ಸಾವಿರ ಶ್ಲೋಕ, ನಾಲ್ಕೇ ಸಾಲು. ಅರ್ಧ ನಿಮಿಷದ ಬಾಬತ್ತು. ರಾಮ ಕಾಡಿಗೆ ಹೋದದ್ದು, ಚಿನ್ನದ ಜಿಂಕೆ ಹೊಡೆದದ್ದು, ವೈದೇಹಿಯ ಅಪಹರಣ, ಜಟಾಯು ಸತ್ತದ್ದು, ಸುಗ್ರೀವನ ಜೊತೆ ಮಾತುಕತೆ, ವಾಲಿಯ ಕಥೆ ಮುಗಿದದ್ದು, ಸಮುದ್ರ ದಾಟಿದ್ದು, ಲಂಕೆ ಸುಟ್ಟದ್ದು, ರಾವಣ ಕುಂಭಕರ್ಣರ ವಧೆ. ‘ಇದೇ ರಾಮಾಯಣ’ ಅಂತ ಕೊನೆಗೊಂದು ಸೀಲು. ಮುಗಿಯಿತು.

ಸ್ವಲ್ಪ ಹತ್ತಿರದಿಂದ ನೋಡಿ. ಕಾಡಿಗೆ ಹೋದ, ಸರಿ. ಯಾಕೆ ಹೋದ? ಇಲ್ಲ. ಕೈಕೇಯಿ ಇಲ್ಲ, ಭರತ ಇಲ್ಲ. ವೀಕೆಂಡ್ ಟ್ರೆಕ್ಕಿಂಗ್‌ಗೆ ಹೋದ ಹಾಗಿದೆ. ಹದಿನಾಲ್ಕು ವರ್ಷ ಅಣ್ಣನ ಹಿಂದೆ ಅಲೆದ ಲಕ್ಷ್ಮಣನ ಹೆಸರಿಲ್ಲ. ಲಂಕೆ ಸುಟ್ಟ ಸುದ್ದಿ ಇದೆ, ಸುಟ್ಟವನ ಹೆಸರಿಲ್ಲ! ಆಂಜನೇಯನನ್ನೇ ಬಿಟ್ಟು ರಾಮಾಯಣ. ಕಂಪನಿಯ ವಾರ್ಷಿಕ ವರದಿಯಲ್ಲಿ ಕೆಲಸ ಮಾಡಿದವನ ಹೆಸರು ಹೀಗೇ ಬಿಟ್ಟುಹೋಗುವುದನ್ನು ನೋಡಿದ್ದೇನೆ. ಸೀತೆ ವಾಪಸ್ ಬಂದಳೋ ಇಲ್ಲವೋ, ಅದೂ ಗೊತ್ತಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ರಾಮನಿಗೂ ಸೀತೆಗೂ ಏನು ಸಂಬಂಧ ಅಂತ ಆ ನಾಲ್ಕು ಸಾಲಿನಲ್ಲಿ ಎಲ್ಲೂ ಬರೆದಿಲ್ಲ.

ಗಾದೆಯವನು ರಾತ್ರಿಯೆಲ್ಲಾ ಕೇಳಿದ್ದು ಯಾವ ರಾಮಾಯಣ ಅಂತ ನನಗೀಗ ಅನುಮಾನ.

ಆದರೆ ಒಂದು ನ್ಯಾಯದ ಮಾತು ಹೇಳಿಬಿಡಬೇಕು. ಆ ಶ್ಲೋಕ ಹೇಳುವ ಅಜ್ಜಿಗೆ ಕಥೆ ಪೂರ್ತಿ ಗೊತ್ತು. ‘ಸುಟ್ಟದ್ದು’ ಅಂದ ತಕ್ಷಣ ಅವಳ ಕಣ್ಣ ಮುಂದೆ ಬಾಲ ಬರುತ್ತದೆ. ಗೊತ್ತಿದ್ದವರಿಗೆ ಸಾರಾಂಶ ಅಂದರೆ ಬೀಗದ ಕೈ. ಗೊತ್ತಿಲ್ಲದವರಿಗೆ ಬರೀ ಕಬ್ಬಿಣ.

ಈಗ ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯವರ ವಿಷಯಕ್ಕೆ ಬರೋಣ. ಜ್ಞಾನದ ಹಸಿವು ಜಾಸ್ತಿ. ‘ವಿಷಯ ತಲೆಯಲ್ಲಿ ನಿಲ್ಲಬೇಕು ಸಾರ್, ಅಂಥ ಆಪ್ ಬೇಕು’ ಅಂತ ಹುಡುಕಾಟ ಶುರು ಮಾಡಿದರು. ಯಾವ ಆಪ್ ಒಳ್ಳೆಯದು ಅನ್ನುವುದಕ್ಕೆ ಲೇಖನ ಓದಿದರು. ಲೇಖನ ಉದ್ದ ಅಂತ ಅದರ ಸಾರಾಂಶವನ್ನು ಎಐ ಹತ್ತಿರ ಹೇಳಿಸಿಕೊಂಡರು. ಆಪ್‌ಗಳನ್ನು ಹೋಲಿಸುವ ವಿಡಿಯೊ ನೋಡಿದರು, ಕೋಷ್ಟಕ ಮಾಡಿದರು. ಈ ಹುಡುಕಾಟ ನಡೆದಷ್ಟು ದಿನದಲ್ಲಿ ಒಬ್ಬ ಸಾಧಾರಣ ಮನುಷ್ಯ ಸುಮ್ನೆ ಕೂತು ಮೂರು ದಪ್ಪ ಕಾದಂಬರಿ ಓದಿ ಮುಗಿಸಬಹುದಿತ್ತು. ಆದರೆ ಅದರಲ್ಲಿ ಪ್ರೊಡಕ್ಟಿವಿಟಿ ಎಲ್ಲಿದೆ?

ಕಡೆಗೂ ಒಂದು ಆಪ್ ಇಳಿಸಿಕೊಂಡರು. ಒಳಗೆ ಕಾಲಿಟ್ಟ ಕೂಡಲೇ ಪುಸ್ತಕ ಕೊಡುವುದಿಲ್ಲ, ಮೊದಲು ಹೆಣ್ಣು ನೋಡಲು ಬಂದವರ ಹಾಗೆ ವಿಚಾರಣೆ. ನಿಮ್ಮ ವಯಸ್ಸೆಷ್ಟು? ಜೀವನದಲ್ಲಿ ಏನಾಗಬೇಕು ಅಂತಿದ್ದೀರಿ? ಆತ್ಮವಿಶ್ವಾಸ ಕಮ್ಮಿಯೇ? ಬೆಳಿಗ್ಗೆ ಎದ್ದಾಗ ಸುಸ್ತೇ? ದಿನಕ್ಕೆ ಎಷ್ಟು ನಿಮಿಷ ಕೊಡುತ್ತೀರಿ? ಎಲ್ಲಾ ಹೇಳಿದ ಮೇಲೆ ಒಂದು ಚಕ್ರ ತಿರುಗುತ್ತದೆ. ‘ನಿಮಗಾಗಿಯೇ ಯೋಜನೆ ಸಿದ್ಧವಾಗುತ್ತಿದೆ’: 43 ಪರ್ಸೆಂಟ್, 78 ಪರ್ಸೆಂಟ್, 99ರಲ್ಲಿ ಒಂದು ಗಳಿಗೆ ನಿಂತು ಉಸಿರು ಹಿಡಿಸುತ್ತದೆ. ಕೊನೆಗೆ ಹೊರಬರುವ ಯೋಜನೆ ಏನು? ಹಣ ಕಟ್ಟಿ. ರಿಯಾಯಿತಿ ಇನ್ನು ಹತ್ತೇ ನಿಮಿಷ. ಗಡಿಯಾರ ಕೆಂಪಾಗಿ ಓಡುತ್ತಿರುತ್ತದೆ. ನಾಳೆ ಹೋದರೆ ನಾಳೆಯೂ ಇನ್ನು ಹತ್ತೇ ನಿಮಿಷ ಅನ್ನುತ್ತದೆ. ಕೆಳಗೆ ಎರಡು ಗುಂಡಿ. ದೊಡ್ಡದರಲ್ಲಿ ‘ಹೌದು, ನಾನು ಬೆಳೆಯುತ್ತೇನೆ’. ಇರುವೆ ಗಾತ್ರದ್ದರಲ್ಲಿ ‘ಬೇಡ, ನಾನು ಇದ್ದ ಹಾಗೇ ಇರುತ್ತೇನೆ’. ಆ ಎರಡನೆಯದನ್ನು ಒತ್ತುವ ಧೈರ್ಯ ಯಾರಿಗಿದೆ ಹೇಳಿ?

ಇಂಥ ಆಟಗಳಿಗೆ ಸರ್ಕಾರದ ಹತ್ತಿರ ಒಂದು ಪಟ್ಟಿಯೇ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹದಿಮೂರು ಬಗೆಯ ಕಣ್ಕಟ್ಟುಗಳನ್ನು ಹೆಸರಿಸಿ ನಿಷೇಧಿಸಿತು. ಸುಳ್ಳು ಅವಸರ ಹುಟ್ಟಿಸುವುದು ಅದರಲ್ಲೊಂದು. ನಾಚಿಕೆಪಡಿಸಿ ಒಪ್ಪಿಸುವುದು ಇನ್ನೊಂದು. ಚಂದಾದ ಬಲೆಗೆ ಬೀಳಿಸುವುದು ಮತ್ತೊಂದು. ನಮ್ಮ ಎರಡನೇ ಮಹಡಿಯವರು ಒಂದೇ ಸ್ಕ್ರೀನಿನಲ್ಲಿ ಮೂರನ್ನೂ ದಾಟಿ ಒಳಗೆ ಹೋದರು. ಏಳು ದಿನ ಫ್ರೀ, ಆಮೇಲೆ ಕಾರ್ಡಿನಿಂದ ತಾನಾಗೇ ಕಡಿತ. ರಿಸರ್ವ್ ಬ್ಯಾಂಕಿನ ನಿಯಮ ಇದೆ, ಹೀಗೆ ಕಡಿತ ಆಗುವುದಕ್ಕೆ ಕನಿಷ್ಠ 24 ಗಂಟೆ ಮೊದಲೇ ತಿಳಿಸಬೇಕು ಅಂತ. ತಿಳಿಸಿದರು. ಎರಡೇ ಸಾಲಿನ ಎಸ್ಸೆಮ್ಮೆಸ್: ನಾಳೆ ಇಷ್ಟು ಹಣ ಹೋಗುತ್ತದೆ, ಬೇಡವಾದರೆ ಇಲ್ಲಿ ನಿಲ್ಲಿಸಿ. ಇಡೀ ವ್ಯವಹಾರದಲ್ಲಿ ಜೀವನಕ್ಕೆ ಉಪಯೋಗಕ್ಕೆ ಬರುವ ಸಾರಾಂಶ ಅಂದರೆ ಅದೊಂದೇ. ಅದನ್ನು ಮಾತ್ರ ಅವರು ಓದಲಿಲ್ಲ.

ಮೊನ್ನೆ ಲಿಫ್ಟಿನಲ್ಲಿ ಸಿಕ್ಕರು. ‘ಈ ವಾರ ಒಂಬತ್ತು ಪುಸ್ತಕ ಮುಗಿಸಿದೆ ಸಾರ್.’

‘ಭೇಷ್. ಇವತ್ತಿಂದು ಯಾವುದು?’

‘ಒಬ್ಬ ಅಮೆರಿಕದವನದು. ತುಂಬಾ ಪವರ್‌ಫುಲ್.’

‘ಏನು ಹೇಳ್ತಾನೆ?’

ಲಿಫ್ಟ್ ಒಂದು ಮಹಡಿ ಹತ್ತಿತು. ‘ಅಂದ್ರೆ... ಎಲ್ಲಾ ನಮ್ಮ ಮೈಂಡ್‌ಸೆಟ್ ಮೇಲಿದೆ ಸಾರ್.’

‘ನಿನ್ನೆಯ ಪುಸ್ತಕ?’

‘ಅದು ಬೇರೆ ಸಾರ್, ಹ್ಯಾಬಿಟ್ ಬಗ್ಗೆ.’ ಬಾಗಿಲು ತೆರೆಯಿತು. ಹೊರಗೆ ಕಾಲಿಡುತ್ತಾ ಸೇರಿಸಿದರು, ‘ಅದಕ್ಕೂ ಮೈಂಡ್‌ಸೆಟ್ಟೇ ಮುಖ್ಯ.’

ಅವರನ್ನು ಬೈಯಲಾರೆ. ಈ ತರದ ಪುಸ್ತಕಗಳ ಗುಟ್ಟೇ ಅಷ್ಟು. ಒಂದು ಮಾತು ಇರುತ್ತದೆ, ಪೋಸ್ಟ್‌ಕಾರ್ಡಿಗೆ ಸಾಕಾಗುವಷ್ಟು. ಪೋಸ್ಟ್‌ಕಾರ್ಡಿಗೆ ಯಾರೂ ಐನೂರು ರೂಪಾಯಿ ಕೊಡುವುದಿಲ್ಲ. ಅದಕ್ಕೇ ಒಬ್ಬ ವಿಮಾನ ಚಾಲಕನ ಕಥೆ, ಒಬ್ಬ ಬಾಸ್ಕೆಟ್‌ಬಾಲ್ ಕೋಚ್ ಕಥೆ, ದಿವಾಳಿಯಾಗಿ ಎದ್ದುಬಂದ ಹೋಟೆಲ್ ಮಾಲೀಕನ ಕಥೆ ತುಂಬಿ ಮುನ್ನೂರು ಪುಟ ಮಾಡುತ್ತಾರೆ. ಆಪ್‌ನವರು ಆ ಮುನ್ನೂರನ್ನು ಮತ್ತೆ ಹಿಂಡಿ ಪೋಸ್ಟ್‌ಕಾರ್ಡ್ ತೆಗೆಯುತ್ತಾರೆ. ನಾವು ತುಂಬಿದ್ದಕ್ಕೂ ದುಡ್ಡು ಕೊಟ್ಟೆವು, ತೆಗೆದದ್ದಕ್ಕೂ ಕೊಟ್ಟೆವು. ಕಾದಂಬರಿಗೆ ಕೈಹಾಕಿದರೆ ಮಾತ್ರ ಕಷ್ಟ. ಎಂಟು ಪುಟ ಬಿಡದೆ ಸುರಿಯುವ ಮಲೆನಾಡಿನ ಮಳೆಯನ್ನು ಏನಂತ ಹಿಂಡುತ್ತೀರಿ? ‘ಮುಖ್ಯಾಂಶ 3: ಮಳೆ ಬಂತು.’ ವಚನಕ್ಕೆ ಕೈಹಾಕಿದರೆ ಇನ್ನೂ ಫಜೀತಿ. ಐದು ಸಾಲಿನ ವಚನಕ್ಕೆ ಹದಿನೈದು ನಿಮಿಷ ತುಂಬಿಸಬೇಕಲ್ಲ!

ಇನ್ನು ತಲೆಯಲ್ಲಿ ನಿಲ್ಲುವ ವಿಚಾರ. ಆಪ್‌ನವರು ಇದಕ್ಕೆ ವಿಜ್ಞಾನವನ್ನೇ ಕರೆತರುತ್ತಾರೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅನ್ನುವ ಮಹಾಶಯ 1885ರಲ್ಲಿ ಮರೆವಿನ ಲೆಕ್ಕ ಬರೆದಿಟ್ಟ. ತನ್ನ ಮೇಲೇ ಪ್ರಯೋಗ. ತಲೆಬುಡವಿಲ್ಲದ, ಯಾವ ಅರ್ಥವೂ ಇಲ್ಲದ ಉಚ್ಚಾರಗಳ ಪಟ್ಟಿ ಮಾಡಿಕೊಂಡು ಬಾಯಿಪಾಠ ಹಾಕಿದ. ಎಷ್ಟು ಹೊತ್ತಿಗೆ ಎಷ್ಟು ಮರೆತೆ ಅಂತ ಅಳೆದ. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಜಾಸ್ತಿ ಸೋರಿಹೋಗಿತ್ತು. ಒಂದು ದಿನಕ್ಕೆ ಉಳಿದದ್ದು ಮೂರರಲ್ಲಿ ಒಂದು ಪಾಲು. ಅರ್ಥವೇ ಇಲ್ಲದ ಪದಗಳ ಮೇಲೆ ಮಾಡಿದ ಈ ಲೆಕ್ಕವನ್ನು ಯಶಸ್ಸಿನ ಸೂತ್ರ ಹೇಳುವ ಪುಸ್ತಕಗಳಿಗೆ ಹೇಗೆ ಹೊಂದಿಸುತ್ತೀರಿ ಅಂತ ಕೆಲವರು ಕೇಳಬಹುದು. ನನಗಂತೂ ಚೆನ್ನಾಗಿಯೇ ಹೊಂದುತ್ತದೆ ಅನಿಸುತ್ತದೆ.

ಸೋರುವುದನ್ನು ತಡೆಯುವ ಮದ್ದೂ ಗೊತ್ತಿದೆ. ದಿನ ಬಿಟ್ಟು ದಿನ, ವಾರ ಬಿಟ್ಟು ವಾರ, ಪುಸ್ತಕ ಮುಚ್ಚಿ ‘ಏನಿತ್ತು ಹೇಳು’ ಅಂತ ನಮ್ಮನ್ನು ನಾವೇ ಕೇಳಿಕೊಳ್ಳುವುದು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಸಂಶೋಧಕರು ಇದನ್ನು ವಿದ್ಯಾರ್ಥಿಗಳ ಮೇಲೆ ನೋಡಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿ, ಮುಚ್ಚಿಟ್ಟು, ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಪರೀಕ್ಷೆ ಇಟ್ಟರೆ ಬರೀ ಓದಿದವರದೇ ಮೇಲುಗೈ. ಒಂದು ವಾರ ಬಿಟ್ಟು ಇಟ್ಟರೆ ಲೆಕ್ಕ ತಿರುಗಾಮುರುಗಾ, ಬರೆದವರು ಮುಂದೆ. ತಮಾಷೆ ಏನೆಂದರೆ, ನಮಗೆ ಚೆನ್ನಾಗಿ ನೆನಪಿರುತ್ತದೆ ಅಂತ ಹೆಚ್ಚು ನಂಬಿದ್ದವರು ಮತ್ತೆ ಮತ್ತೆ ಓದಿದವರೇ. ಲಿಂಕ್ಡ್‌ಇನ್ ಪೋಸ್ಟುಗಳು ಸಾರಾಂಶ ಮುಗಿದ ಐದು ನಿಮಿಷದೊಳಗೇ ಯಾಕೆ ಬೀಳುತ್ತವೆ ಅಂತ ನನಗೆ ಅರ್ಥವಾಗಿದ್ದು ಆಗ.

ಇದು ಆಪ್‌ನವರಿಗೂ ಗೊತ್ತು. ಕೆಲವದರಲ್ಲಿ ಪ್ರಶ್ನೆ ಕೇಳುವ ಕಾರ್ಡುಗಳೂ ಇವೆ. ಹಿಂದೆ ಮೇಷ್ಟರು ಈ ಕೆಲಸ ಮಾಡುತ್ತಿದ್ದರು. ಕಾರಿಡಾರಿನಲ್ಲಿ ನಡೆಯುತ್ತಾ ತಟ್ಟನೆ ತಿರುಗಿ ‘ಹದಿಮೂರೇಳ್ಲಿ?’ ಅನ್ನುತ್ತಿದ್ದರು. ತೊಂಬತ್ತೊಂದು ಬರದಿದ್ದರೆ ನೋಟಿಫಿಕೇಶನ್ ಅಂಗೈಗೆ ಬೀಳುತ್ತಿತ್ತು. ಅದನ್ನು ಆಫ್ ಮಾಡುವ ಸೌಲಭ್ಯ ಇರಲಿಲ್ಲ. ಆಪ್‌ನಲ್ಲಿ ಇದೆ. ಎರಡನೇ ಮಹಡಿಯವರು ಮೊದಲ ವಾರವೇ ಆಫ್ ಮಾಡಿದರು. ‘ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನುತ್ತೆ ಸಾರ್. ಫ್ಲೋ ಹೋಗುತ್ತೆ.’ ಇಟ್ಟುಕೊಂಡದ್ದು ಸ್ಟ್ರೀಕ್ ಮಾತ್ರ. ಒಂದು ದಿನವೂ ತಪ್ಪದೆ ಕೇಳಿದರೆ ಬೆಂಕಿಯ ಚಿತ್ರದ ಪಕ್ಕ ಸಂಖ್ಯೆ ಏರುತ್ತದೆ. ಹೋದ ತಿಂಗಳು ಸ್ವಂತ ತಂಗಿಯ ಮದುವೆಯಲ್ಲಿ ಧಾರೆ ಎರೆಯುವ ಹೊತ್ತಿಗೆ ಅವರ ಒಂದು ಕಿವಿಯಲ್ಲಿ ಇಯರ್‌ಬಡ್ ಇತ್ತು. ‘ಸಂಬಂಧಗಳಿಗೆ ಸಮಯ ಕೊಡುವುದು ಹೇಗೆ’ ಅನ್ನುವ ಪುಸ್ತಕ.

ಹಾಗೆ ನೋಡಿದರೆ ಈ ಆಪ್‌ಗಳಿಗೆ ಗಿರಾಕಿಗಳನ್ನು ತಯಾರು ಮಾಡಿಕೊಟ್ಟದ್ದು ನಮ್ಮ ಶಾಲೆಗಳೇ. ‘ಈ ಪದ್ಯದ ಸಾರಾಂಶ ಬರೆಯಿರಿ’ಗೆ ನಾಲ್ಕು ಅಂಕ. ಪದ್ಯ ಯಾರು ಓದುತ್ತಿದ್ದರು? ಗೈಡ್ ಇತ್ತು. ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಅಂದರೆ ಇಡೀ ರಾಜ್ಯವೇ ಒಂದೇ ಉತ್ತರ ಬರೆಯುತ್ತಿತ್ತು: ‘ಕವಿ ಇಲ್ಲಿ ಬಹಳ ಸ್ವಾರಸ್ಯಕರವಾಗಿ ವರ್ಣಿಸಿದ್ದಾರೆ.’ ಅದಕ್ಕೆ ಅಂಕವೂ ಬೀಳುತ್ತಿತ್ತು. ‘ತುಂಬಾ ಪವರ್‌ಫುಲ್ ಸಾರ್’ ಅನ್ನುವುದು ಅದರದೇ ಕಾರ್ಪೊರೇಟ್ ಆವೃತ್ತಿ. ಅಪ್ರೈಸಲ್‌ನಲ್ಲಿ ಅದಕ್ಕೂ ಅಂಕ ಇದೆ. 2023ರಲ್ಲಿ ಬ್ಲಿಂಕಿಸ್ಟನ್ನು ಕೊಂಡದ್ದು ಗೋ ಒನ್ ಅನ್ನುವ ಆಸ್ಟ್ರೇಲಿಯಾದ ಕಂಪನಿ. ಅದರ ಕಸುಬು ಕಂಪನಿಗಳ ನೌಕರರಿಗೆ ತರಬೇತಿ ಸಾಮಗ್ರಿ ಒದಗಿಸುವುದು. ಆಫೀಸಿನಲ್ಲಿ ಕಲಿಕೆ ಅಂದಮೇಲೆ ಲೆಕ್ಕ ಬೇಕಲ್ಲ. ಎಷ್ಟು ಗಂಟೆ ಕಲಿತ ಅನ್ನುವುದು ಡ್ಯಾಶ್‌ಬೋರ್ಡಿನಲ್ಲಿ ಬರುತ್ತದೆ. ಏನು ಕಲಿತ ಅನ್ನುವುದಕ್ಕೆ ಅದರಲ್ಲಿ ಕಾಲಂ ಇಲ್ಲ.

ಈ ಉತ್ಸಾಹದಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಪುಸ್ತಕ ಕೂಟವೂ ಶುರುವಾಯಿತು. ಭಾನುವಾರ ಸಂಜೆ, ಕ್ಲಬ್ ಹೌಸಿನಲ್ಲಿ, ಬೋಂಡಾ ಸಮೇತ. ಎಲ್ಲರೂ ಒಂದೇ ಪುಸ್ತಕ ‘ಮುಗಿಸಿಕೊಂಡು’ ಬಂದಿದ್ದರು. ಎಲ್ಲರೂ ಒಂದೇ ಆಪ್‌ನ ಅದೇ ಐದು ಮುಖ್ಯಾಂಶ ಹೇಳಿದರು. ಯಾರಿಗೂ ಯಾರ ಮೇಲೂ ಭಿನ್ನಾಭಿಪ್ರಾಯ ಇರಲಿಲ್ಲ. ಬೋಂಡಾ ಬರುವುದರೊಳಗೆ ಪುಸ್ತಕ ಮುಗಿದಿತ್ತು. ಹೊತ್ತು ಕಳೆಯಬೇಕಲ್ಲ ಅಂತ ಯಾರೋ ವಿಸಿಟರ್ ಪಾರ್ಕಿಂಗ್ ಎತ್ತಿದರು.

ಆಮೇಲೆ ನೋಡಿ. 2019ರ ಜನರಲ್ ಬಾಡಿಯಲ್ಲಿ ಯಾರು ಎದ್ದುನಿಂತು ಏನಂದರು, ಖಜಾಂಚಿ ಆಗ ಯಾವ ಶರ್ಟ್ ಹಾಕಿದ್ದರು, ಬೈಲಾದ ಯಾವ ಕಲಮಿನಲ್ಲಿ ಕಾರಿಗೆ ಎಷ್ಟು ಅಡಿ ಜಾಗ ಅಂತಿದೆ, ಒಂದಕ್ಷರ ಬಿಡದೆ ಎಲ್ಲರ ಬಾಯಲ್ಲೂ ಬಂತು. ಎರಡನೇ ಮಹಡಿಯವರು ಬಿಲ್ಡರ್ ಕೊಟ್ಟ ಕರಾರು ಪತ್ರದ ಹದಿನೇಳನೇ ಪುಟವನ್ನು ಬಾಯಿಪಾಠ ಒಪ್ಪಿಸಿದರು. ಆ ಪತ್ರದ ಸಾರಾಂಶ ಯಾವ ಆಪ್‌ನಲ್ಲೂ ಇಲ್ಲ. ಅವರು ಅದನ್ನು ಪೂರ್ತಿ ಓದಿದ್ದರು. ಅಡಿಗೆರೆ ಎಳೆದಿದ್ದರು. ಮೂರನೇ ಮಹಡಿಯವರ ಜೊತೆ ವರ್ಷಗಟ್ಟಲೆ ಅದರ ಮೇಲೆ ವಾದ ಮಾಡಿದ್ದರು. ಇಯರ್‌ಬಡ್ ಮೇಜಿನ ಮೇಲೆ ಬೋಂಡಾ ತಟ್ಟೆಯ ಪಕ್ಕ ಬಿದ್ದಿತ್ತು.

ಸಭೆ ಮುಗಿದಾಗ ರಾತ್ರಿ ಹತ್ತು ದಾಟಿತ್ತು. ಕಾರ್ಯದರ್ಶಿಗಳು ಗ್ರೂಪಿಗೆ ಹಾಕಿದ ನಡಾವಳಿ ಹೀಗಿತ್ತು: ‘ಪುಸ್ತಕದ ಬಗ್ಗೆ ಸವಿಸ್ತಾರವಾಗಿ ಚರ್ಚಿಸಲಾಯಿತು. ಪಾರ್ಕಿಂಗ್ ವಿಷಯವನ್ನು ಮುಂದಿನ ಪುಸ್ತಕಕ್ಕೆ ಮುಂದೂಡಲಾಗಿದೆ.’