ಓಡಿಹೋಗುವ ರಾತ್ರಿಗಿಂತ ಮೊದಲಿನ ಹಗಲುಗಳು

ಗಂಡನ ಕಾಟ ತಾಳಲಾರದೆ ಹೆಂಡತಿ ಮನೆ ಬಿಟ್ಟು ಪರಾರಿಯಾಗುವ ಥ್ರಿಲ್ಲರ್ ಕಾದಂಬರಿಗಳನ್ನು ಈ ವರ್ಷ ಸಾಲಾಗಿ ಓದಿದೆ. ಚಟ ಹತ್ತಿತ್ತು ಎಂದೇ ಹೇಳಬೇಕು. ನಾಲ್ಕನೆಯದರ ಹೊತ್ತಿಗೆ ಸೂತ್ರ ಬಾಯಿಪಾಠವಾಗಿತ್ತು. ಹೊರಗಿನವರಿಗೆ ದೇವರಂಥ ಗಂಡ, ಬೀಗ ಹಾಕಿದ ಒಂದು ಕೋಣೆ, ಮಳೆ ಸುರಿಯುವ ರಾತ್ರಿ, ಸ್ಟಾರ್ಟ್ ಆಗದ ಕಾರು. ಕೊನೆಗೆ ಮೆಟ್ಟಿಲ ಮೇಲಿಂದ ಅವನ ಹೆಣ ಉರುಳಬೇಕು. ಪುಟಗಳೇನೋ ಸರಸರನೆ ಮಗುಚುತ್ತವೆ. ಆದರೆ ಇವುಗಳನ್ನು ಬರೆದವರಲ್ಲಿ ಹೆಚ್ಚಿನವರು ಭಯವನ್ನು ಹುಡುಕಿದ್ದು ತಪ್ಪು ಜಾಗದಲ್ಲಿ ಎಂಬುದು ನನ್ನ ತಕರಾರು.

ಈ ಬಗೆಯ ಕಥೆ ನಮ್ಮ ಕಾಲದ್ದೇ ಎಂದುಕೊಂಡಿದ್ದ ನನ್ನನ್ನು ಬೆಚ್ಚಿಬೀಳಿಸಿದ್ದು ಇಂಗ್ಲಿಷ್ ಕಾದಂಬರಿಕಾರ್ತಿ ಆನ್ ಬ್ರಾಂಟೆ 1848ರಲ್ಲಿ ಪ್ರಕಟಿಸಿದ 'ದಿ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್'. ನಾಯಕಿ ಹೆಲೆನ್‌ಳ ಗಂಡ ಕುಡುಕ, ಲಂಪಟ. ಪುಟ್ಟ ಮಗನಿಗೂ ಮದ್ಯದ ರುಚಿ ಹತ್ತಿಸುತ್ತಿದ್ದಾನೆ. ಚಿತ್ರ ಬಿಡಿಸಿ ಮಾರಿ, ಆ ಹಣದಲ್ಲಿ ಮಗನನ್ನು ಕರೆದುಕೊಂಡು ದೂರ ಹೋಗಿಬಿಡಬೇಕೆಂದು ಅವಳು ಗುಟ್ಟಾಗಿ ಯೋಜನೆ ಹಾಕಿ ದಿನಚರಿಯಲ್ಲಿ ಬರೆದಿಟ್ಟುಕೊಳ್ಳುತ್ತಾಳೆ. ಒಂದು ಸಂಜೆ ಅವನು ಆ ಪುಸ್ತಕವನ್ನು ಕಸಿದುಕೊಂಡು, ಅವಳ ಎದುರಿಗೇ ಓದುತ್ತಾನೆ. ಆಮೇಲೆ ಬೀಗದಕೈ ಕೇಳುತ್ತಾನೆ. ಮೇಜು, ಕಪಾಟು, ಒಂದೊಂದನ್ನೂ ತೆರೆಯುತ್ತಾನೆ. ಬಣ್ಣ, ಕುಂಚ, ವಾರ್ನಿಶ್ ಎಲ್ಲವೂ ಬೆಂಕಿಗೆ. ದುಡ್ಡು, ಒಡವೆ ಅವನ ವಶಕ್ಕೆ. ಒಂದು ಏಟೂ ಬೀಳುವುದಿಲ್ಲ. ವ್ಯಂಗ್ಯವಾಡುತ್ತಲೇ ಅವಳ ದಾರಿಗಳನ್ನೆಲ್ಲ ಮುಚ್ಚಿ ಹೋಗುತ್ತಾನೆ. ವಾರ್ನಿಶ್ ಬಿದ್ದು ಉರಿ ಭಗ್ಗೆಂದು ಮೇಲೇಳುವ ಆ ಜಾಗದಲ್ಲಿ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಇನ್ನೊಂದು ಸಂಗತಿ ತಿಳಿದಾಗ ದೃಶ್ಯ ಮತ್ತಷ್ಟು ಕಪ್ಪಾಗಿ ಕಂಡಿತು. ಆಗಿನ ಇಂಗ್ಲೆಂಡಿನ ಕಾನೂನಿನಲ್ಲಿ ಮದುವೆಯಾದ ಹೆಣ್ಣು ದುಡಿದ ಹಣವೂ ಗಂಡನದೇ. ತನ್ನ ಗಳಿಕೆ ತನ್ನದು ಎಂದು ಅವಳು ಹೇಳಿಕೊಳ್ಳುವಂತಾದದ್ದು 1870ರ ಕಾಯ್ದೆಯಿಂದ. ಅಂದರೆ ಹೆಲೆನ್ ಮಾರಲಿದ್ದ ಚಿತ್ರಗಳ ದುಡ್ಡೂ ಅವನಿಗೇ ಸೇರಬೇಕಾಗಿತ್ತು.

ಹೊಡೆಯದೆಯೇ ಉಸಿರು ಕಟ್ಟಿಸುವ ಈ ಕಲೆಯನ್ನು ಸಮಾಜಶಾಸ್ತ್ರಜ್ಞ ಎವನ್ ಸ್ಟಾರ್ಕ್ 2007ರ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ಬಿಡಿಸಿಟ್ಟರು. ಬಲವಂತದ ನಿಯಂತ್ರಣ ಎಂಬುದು ಅದಕ್ಕಿರುವ ಹೆಸರು. ಇಂಗ್ಲೆಂಡ್ ಮತ್ತು ವೇಲ್ಸ್ ಅದನ್ನು ಪ್ರತ್ಯೇಕ ಅಪರಾಧವಾಗಿಸಿದ್ದು 2015ರಲ್ಲಿ. ಐದು ವರ್ಷದವರೆಗೆ ಸೆರೆವಾಸ. ಬ್ರಾಂಟೆ ಬರೆದು ಆಗಲೇ 167 ವರ್ಷ ಕಳೆದಿತ್ತು!

ಇಂಥ ಪುಸ್ತಕಗಳ ಚರ್ಚೆಯಲ್ಲಿ ತಪ್ಪದೆ ಬರುವ ಪ್ರಶ್ನೆ: 'ಅಷ್ಟು ಕಷ್ಟವಿದ್ದರೆ ಮೊದಲೇ ಬಿಟ್ಟು ಹೋಗಬಹುದಿತ್ತಲ್ಲ?' ಕೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ, ನಾನೂ ಒಂದು ಕಾಲದಲ್ಲಿ ಕೇಳಿದ್ದೆ ಎಂಬ ನಾಚಿಕೆಯೂ ಸೇರಿ. ಸಂಶೋಧಕಿ ಜಾಕ್ವೆಲಿನ್ ಕ್ಯಾಂಬೆಲ್ ಮತ್ತು ಸಂಗಡಿಗರು ಅಮೆರಿಕದ 11 ನಗರಗಳಲ್ಲಿ ಸಂಗಾತಿಯಿಂದಲೇ ಹೆಣ್ಣು ಕೊಲೆಯಾದ ಪ್ರಕರಣಗಳನ್ನು ಹಿಡಿದು 2003ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೇ ಬೇರೆ. ಹಿಡಿತ ಬಿಡದ ಸಂಗಾತಿಯಿಂದ ದೂರವಾದಾಗ ಹೆಣ್ಣಿನ ಜೀವಕ್ಕೆ ಅಪಾಯ ಹೆಚ್ಚುತ್ತದೆ. ಹೊಸಿಲು ದಾಟಿದಲ್ಲಿಗೆ ಕಥೆ ಮುಗಿಯಿತೆಂದು ಬರೆಯುವ ಕಾದಂಬರಿಕಾರರು ಇದನ್ನು ಗೋಡೆಯ ಮೇಲೆ ಅಂಟಿಸಿಕೊಳ್ಳಬೇಕು.

ಮೆಟ್ಟಿಲ ಮೇಲಿಂದ ಹೆಣ ಉರುಳಿಸುವುದರಲ್ಲಿ ಲೇಖಕರಿಗೊಂದು ಅನುಕೂಲವಿದೆ. ಗಂಡ ಸತ್ತರೆ ಕೋರ್ಟಿನ ತಾರೀಖುಗಳಿಲ್ಲ, ಮಕ್ಕಳು ಯಾರ ಬಳಿ ಇರಬೇಕೆಂಬ ವ್ಯಾಜ್ಯವಿಲ್ಲ, ಬಾಡಿಗೆ ಮನೆಗೆ ಮುಂಗಡ ಹೊಂದಿಸುವ ತಾಪತ್ರಯವಿಲ್ಲ, 'ಅವನು ಬದಲಾಗಿದ್ದಾನೆ ಕಣಮ್ಮ' ಎಂದು ಅತ್ತೆ ಮಾಡುವ ಫೋನೂ ಇಲ್ಲ. ಬ್ರಾಂಟೆಯೂ ಕೊನೆಗೆ ಗಂಡನನ್ನು ಸಾಯಿಸಿಯೇ ನಾಯಕಿಗೆ ದಾರಿ ಮಾಡಿಕೊಡುತ್ತಾಳೆ ನಿಜ. ಆದರೆ ಆ ಕಾಲದಲ್ಲಿ ವಿಚ್ಛೇದನಕ್ಕೆ ಸಂಸತ್ತೇ ಪ್ರತ್ಯೇಕ ಕಾಯ್ದೆ ಮಾಡಬೇಕಿತ್ತು. ಹೆಂಗಸಿಗೆ ವೈಧವ್ಯವೇ ಬಿಡುಗಡೆ. ಇಂದಿನವರಿಗೆ ಆ ನೆಪವಿಲ್ಲ.

ನಾನು ಹತ್ತಿರದಿಂದ ಕಂಡ ಒಂದೇ ಒಂದು ಪರಾರಿಯಲ್ಲಿ ಮಳೆಯೂ ಇರಲಿಲ್ಲ, ಕಾರೂ ಇರಲಿಲ್ಲ. ಸಹೋದ್ಯೋಗಿಯೊಬ್ಬಳು ಒಂದು ದಿನ ಕಂದು ಲಕೋಟೆ ತಂದು, "ಮೇಡಂ, ಇದು ನಿಮ್ಮ ಡ್ರಾಯರ್‌ನಲ್ಲಿ ಇರಲಿ" ಎಂದಳು. ಏನೆಂದು ನಾನು ಕೇಳಲಿಲ್ಲ. ತಿಂಗಳಿಗೊಮ್ಮೆ ಬಂದು ಅದಕ್ಕೆ ಏನೋ ಸೇರಿಸುತ್ತಿದ್ದಳು. ಅಂಕಪಟ್ಟಿಯ ನಕಲು, ಮಗಳ ಜನನ ಪ್ರಮಾಣಪತ್ರ, ಮಡಚಿದ ನಾಲ್ಕೈದು ನೋಟು. ಮನೆಗೆ ಹೊರಡುವ ಮುನ್ನ ಮೊಬೈಲಿನಲ್ಲಿ ಮಾತಾಡಿದ ಕರೆಗಳನ್ನು ಅಳಿಸುತ್ತಿದ್ದಳು. ಹತ್ತು ನಿಮಿಷ ತಡವಾದರೂ ಮುಖ ಬಿಳಿಚಿಕೊಳ್ಳುತ್ತಿತ್ತು. ಹೀಗೆ ಎಂಟು ತಿಂಗಳು. ಯಾರಾದರೂ ಡ್ರಾಯರ್ ಎಳೆದರೆ ನನ್ನ ಎದೆಯೇ ಧಸಕ್ಕೆನ್ನುತ್ತಿತ್ತು, ಅವಳದು ಏನಾಗುತ್ತಿತ್ತೋ.

ಒಂದು ಬುಧವಾರ ಮಧ್ಯಾಹ್ನ ಊಟವಾದ ಮೇಲೆ ಬಂದು, "ಆ ಕವರ್ ಕೊಡಿ ಮೇಡಂ" ಎಂದಳು. ಕೊಟ್ಟೆ. ಚೀಲಕ್ಕೆ ಹಾಕಿಕೊಂಡು ಜಿಪ್ ಎಳೆದಳು. ನಡುವೆ ಎಲ್ಲೋ ಸಿಕ್ಕಿಕೊಂಡಿತು. ಮತ್ತೆ ಹಿಂದಕ್ಕೆ ಎಳೆದು, ನಿಧಾನವಾಗಿ, ಸದ್ದಾಗದಂತೆ ಮುಚ್ಚಿದಳು. ಸದ್ದಾದರೆ ಕೇಳಿಸಿಕೊಳ್ಳುವವನು ಅಲ್ಲಿರಲೇ ಇಲ್ಲ.