ನಾನೂ ಒಬ್ಬ ಪರೋಕ್ಷ ಉದ್ಯೋಗಿ

ಅಗ್ಗದ ದಿನಸಿ ಮಾರುವ ಕಂಪನಿಯ ಗೋದಾಮು ಹಿಗ್ಗುತ್ತದೆ ಎಂದರೆ ಸಾಕು, ದಾವಣಗೆರೆಯ ಹೆದ್ದಾರಿ ಬದಿಯಲ್ಲಿ ಪೆಂಡಾಲು ಏಳುತ್ತದೆ. ಯಾವ ಕಂಪನಿ ಎಂದು ಕೇಳಬೇಡಿ. ಗುದ್ದಲಿ ಪೂಜೆಯ ಭಾಷಣ ಎಲ್ಲಕ್ಕೂ ಒಂದೇ. ನೇರ ಉದ್ಯೋಗ ಇಷ್ಟು, ಪರೋಕ್ಷ ಉದ್ಯೋಗ ಅದರ ಮೂರು ಪಟ್ಟು! ಈ ‘ಪರೋಕ್ಷ’ಕ್ಕೆ ದೊಡ್ಡ ಹೊಟ್ಟೆ. ಪೆಂಡಾಲು ಕಟ್ಟಿದವನು, ಗೇಟಿನೆದುರು ಚಹಾ ಕಾಸುವವನು, ಅತಿಥಿಗಳಿಗೆ ಬೆಣ್ಣೆ ದೋಸೆ ಹೊಯ್ದವನು ಎಲ್ಲರೂ ಅದರಲ್ಲಿ ಹಿಡಿಸುತ್ತಾರೆ. ಈ ಅಂಕಣ ಬರೆದ ತಪ್ಪಿಗೆ ನಾನೂ ಸೇರಿದ್ದೇನೆ. ನೇಮಕಾತಿ ಪತ್ರ ಇನ್ನೂ ಕೈಸೇರಿಲ್ಲ.

ಅದೇ ವೇದಿಕೆಯಲ್ಲಿ ಕಂಪನಿಯ ಅಧಿಕಾರಿ ಎದ್ದು ಅಗ್ಗದ ಗುಟ್ಟು ಬಿಚ್ಚುತ್ತಾರೆ. ದಲಾಲರಿಲ್ಲ, ಸಗಟು ಅಂಗಡಿಯಿಲ್ಲ, ಹತ್ತು ಕೈ ದಾಟುತ್ತಿದ್ದ ಸರಕು ಎರಡೇ ಕೈಯಲ್ಲಿ ಗಿರಾಕಿಯ ಚೀಲಕ್ಕೆ. ಉಳಿದ ಎಂಟು ಕೈ ಯಾರವು? ಮೂಟೆ ಹೊರುವ ಹಮಾಲರವು, ಚೀಟಿ ಬರೆಯುವ ಗುಮಾಸ್ತರವು, ಓಣಿಯ ಮೂಲೆಯಲ್ಲಿ ಉದ್ರಿ ಪುಸ್ತಕ ಇಟ್ಟುಕೊಂಡು ಕೂತ ಅಂಗಡಿಕಾರನವು. ಕೈ ಕಡಿಮೆ ಮಾಡಿದ್ದಕ್ಕೆ ಒಂದು ಚಪ್ಪಾಳೆ, ಕೈಗೆ ಕೆಲಸ ಕೊಟ್ಟಿದ್ದಕ್ಕೆ ಇನ್ನೊಂದು. ಎರಡನ್ನೂ ಅದೇ ಸಭೆ ತಟ್ಟುತ್ತದೆ.

50 ಕಿಲೋ ಮೂಟೆಯನ್ನು ಬೆನ್ನಿಗೇರಿಸಿದರೆ ಹಮಾಲ. ಅದೇ ಮೂಟೆಯ ಬಾರ್‌ಕೋಡ್ ಓದಿಸಿ ಟ್ರಾಲಿಗೆ ಹಾಕಿದರೆ ಲಾಜಿಸ್ಟಿಕ್ಸ್ ಸಹಾಯಕ. ಒಂದು ಉದ್ಯೋಗ ಹೆಚ್ಚಿತು. ಅಂಗಡಿ ಮುಚ್ಚಿದ ಯಜಮಾನ ಅಲ್ಲೇ ರಾತ್ರಿ ಪಾಳಿಯ ಕಾವಲಿಗೆ ನಿಂತರೆ ಇನ್ನೊಂದು. ಮುಚ್ಚುವ ಅಂಗಡಿಗೆ ರಿಬ್ಬನ್ ಕತ್ತರಿಸುವ ಪದ್ಧತಿ ಇಲ್ಲವಾದ್ದರಿಂದ ಅದನ್ನು ಯಾರೂ ಕಳೆಯುವುದಿಲ್ಲ.

ಕಳೆದುಕೊಳ್ಳುವುದು ಈ ಊರಿಗೆ ಹೊಸದೇನಲ್ಲ. ಹತ್ತಿ ಗಿರಣಿಗಳ ಕಾಲದಲ್ಲಿ ನಾವು ಕರ್ನಾಟಕದ ಮ್ಯಾಂಚೆಸ್ಟರ್. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು, ಬಿರುದು ಮಾತ್ರ ಭಾಷಣಗಳಲ್ಲಿ ಇಂದಿಗೂ ಎರಡು ಪಾಳಿ ದುಡಿಯುತ್ತಿದೆ. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಗೂ ಸೇರಿದೆವು. ಬಿರುದುಗಳ ಗೋದಾಮನ್ನು ಕೇಳುವುದಾದರೆ ಅದು ಎಂದೋ ವಿಸ್ತರಣೆಯಾಗಿದೆ.

ಒಂದು ಸೇರು ಅಕ್ಕಿ ಹಲವು ಸೇರಾಗಿ ಅರಳುವುದನ್ನು ದಿನವೂ ನೋಡುವ ಮಂಡಕ್ಕಿ ಭಟ್ಟಿಯವರೊಬ್ಬರಿಗೆ ಈ ಉದ್ಯೋಗದ ಅಂಕಿ ಓದಿ ಹೇಳಿದೆ. ಅವರು ಬಿಸಿ ಮರಳಿನಿಂದ ಕಣ್ಣೆತ್ತದೆ ಕೇಳಿದರು:

“ಇದು ಸೇರಿನ ಲೆಕ್ಕವೋ, ತೂಕದ ಲೆಕ್ಕವೋ?”